ಕ್ಲೇಮ್ ಆಗಲ್ಲ ಅಂತ ಫೋನಿನಲ್ಲಿ ಹೇಳಿದರೆ ಒಪ್ಪಬೇಡಿ, ಪತ್ರ ಕೇಳಿ

2009ರಲ್ಲಿ ಮದುವೆಯೊಂದಕ್ಕೆಂದು ಅಮೆರಿಕಕ್ಕೆ ಹೊರಟ ಒಬ್ಬರು ಪ್ರಯಾಣದ ಆರೋಗ್ಯ ವಿಮೆ ಮಾಡಿಸಿದ್ದರು. ಅವರಿಗೆ ಸಕ್ಕರೆ ಕಾಯಿಲೆ ಇರುವುದು ಕಂಪನಿಗೆ ಗೊತ್ತಿತ್ತು, ವೈದ್ಯಕೀಯ ವರದಿ ನೋಡಿಯೇ ಪಾಲಿಸಿ ಕೊಟ್ಟಿತ್ತು. ಸ್ಯಾನ್ ಫ್ರಾನ್ಸಿಸ್ಕೋ ತಲುಪುತ್ತಿದ್ದಂತೆ ಹೃದಯಾಘಾತವಾಗಿ ಸ್ಟೆಂಟ್ ಹಾಕಬೇಕಾಯಿತು. ಕೊಲೆಸ್ಟ್ರಾಲ್ ಮಾತ್ರೆ ನುಂಗುತ್ತಿದ್ದದ್ದನ್ನು ತಿಳಿಸಿಲ್ಲವೆಂದು ಕಂಪನಿ ಕ್ಲೇಮ್ ತಳ್ಳಿಹಾಕಿತು. ಸುಪ್ರೀಂ ಕೋರ್ಟಿನಲ್ಲಿ ಅವರು ಗೆದ್ದದ್ದು 2021ರ ಡಿಸೆಂಬರ್‌ನಲ್ಲಿ. ಆರೋಗ್ಯದ ಸ್ಥಿತಿ ತಿಳಿದು ಪಾಲಿಸಿ ಕೊಟ್ಟ ಮೇಲೆ ಅದೇ ಕಾಯಿಲೆಯನ್ನು ನೆಪ ಮಾಡುವಂತಿಲ್ಲ, ಷರತ್ತಿನಲ್ಲಿ ಗೊಂದಲವಿದ್ದರೆ ಅದನ್ನು ಬರೆದ ಕಂಪನಿಯ ವಿರುದ್ಧವೇ ಅರ್ಥ ಮಾಡಬೇಕು ಎಂದಿತು ಕೋರ್ಟು.

ಹನ್ನೆರಡು ವರ್ಷ ಹೋರಾಡುವ ಶಕ್ತಿ ಎಷ್ಟು ಮನೆಗಳಿಗಿದೆ? ಆದ್ದರಿಂದ ಜಗಳ ಹುಟ್ಟುವ ಜಾಗದಲ್ಲೇ ಎಚ್ಚರವಾಗಿರಿ.

ಹೆಚ್ಚಿನ ತಿರಸ್ಕಾರಗಳ ಬೇರು ಆಸ್ಪತ್ರೆಯ ಕೇಸ್ ಶೀಟಿನಲ್ಲಿರುತ್ತದೆ. ದಾಖಲಾಗುವ ಗಡಿಬಿಡಿಯಲ್ಲಿ ಡ್ಯೂಟಿ ಡಾಕ್ಟರು ಕೇಳುತ್ತಾರೆ, ಜೊತೆಗಿದ್ದ ನೆಂಟರು "ಬಿಪಿ ಇದೆ, ಒಂದೈದು ವರ್ಷ ಆಗಿರಬೇಕು" ಅನ್ನುತ್ತಾರೆ. ಪಾಲಿಸಿಗೆ ನಾಲ್ಕೇ ವರ್ಷವಾಗಿದ್ದರೆ ಆ ಅಂದಾಜಿನ ಮಾತೇ "ಮುಚ್ಚಿಟ್ಟ ಹಳೆಯ ಕಾಯಿಲೆ" ಆಗುತ್ತದೆ. ಡಿಸ್ಚಾರ್ಜ್ ಸಮ್ಮರಿಯನ್ನು ಬಿಲ್ ಕಟ್ಟುವ ಮೊದಲೇ ಓದಿ. ಅವಧಿ ತಪ್ಪಾಗಿದ್ದರೆ, ಕಾಯಿಲೆ ಮೊದಲು ಪತ್ತೆಯಾದ ದಿನದ ಚೀಟಿ ತೋರಿಸಿ, ಚಿಕಿತ್ಸೆ ಕೊಟ್ಟ ವೈದ್ಯರ ಸಹಿಯೊಂದಿಗೆ ತಿದ್ದಿಸಿಕೊಳ್ಳಿ. ನಿಜವಾಗಿಯೂ ಕಾಯಿಲೆ ಮೊದಲೇ ಇದ್ದರೆ ತಿದ್ದಿಸಲು ಹೋಗಬೇಡಿ. ಅದು ವಂಚನೆ, ಇರುವ ರಕ್ಷಣೆಯೂ ಕೈತಪ್ಪುತ್ತದೆ.

ಕಂಪನಿಯ ಕೈ ಕಟ್ಟುವ ನಿಯಮಗಳು ಹಲವಿವೆ. ವಿಮಾ ಕಂಪನಿಗಳನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಐಆರ್‌ಡಿಎಐ 2024ರ ಮೇನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಸತತ 60 ತಿಂಗಳು ನಡೆದ ಆರೋಗ್ಯ ಪಾಲಿಸಿಯಲ್ಲಿ "ಮಾಹಿತಿ ಮುಚ್ಚಿಟ್ಟಿರಿ" ಎಂದು ಕ್ಲೇಮ್ ನಿರಾಕರಿಸುವಂತಿಲ್ಲ, ವಂಚನೆ ಸಾಬೀತಾದರೆ ಮಾತ್ರ ಸಾಧ್ಯ. ಪಾಲಿಸಿಯನ್ನು ಬೇರೆ ಕಂಪನಿಗೆ ಪೋರ್ಟ್ (ವರ್ಗಾವಣೆ) ಮಾಡಿಸಿದ್ದರೆ ಹಳೆಯ ಕಂಪನಿಯ ವರ್ಷಗಳೂ ಸೇರುತ್ತವೆ. ವಿಮಾ ಮೊತ್ತ ಏರಿಸಿದ್ದರೆ ಏರಿಸಿದ ಭಾಗಕ್ಕೆ ಮಾತ್ರ ಎಣಿಕೆ ಹೊಸದಾಗಿ ಶುರು. ಆಸ್ಪತ್ರೆ ಕೇಳಿದ ಮೇಲೆ ಕಂಪನಿಯ ಡಿಸ್ಚಾರ್ಜ್ ಅನುಮತಿ ಬರುವುದು ಮೂರು ಗಂಟೆ ದಾಟಿ, ಅದಕ್ಕಾಗಿ ಆಸ್ಪತ್ರೆ ಹೆಚ್ಚು ಹಣ ಹಾಕಿದರೆ ಅದನ್ನು ಕಂಪನಿಯೇ ಭರಿಸಬೇಕು. ಕ್ಲೇಮ್ ತಿರಸ್ಕರಿಸಲು ಕಂಪನಿಯ ಕ್ಲೇಮ್ ಪರಿಶೀಲನಾ ಸಮಿತಿಯ ಒಪ್ಪಿಗೆ ಬೇಕು, ಪಾಲಿಸಿಯ ಯಾವ ಷರತ್ತಿನ ಮೇಲೆ ತಿರಸ್ಕಾರ ಎಂಬುದನ್ನೂ ತಿಳಿಸಬೇಕು. ಟಿಪಿಎ (ಕಂಪನಿಯ ಪರವಾಗಿ ಕ್ಲೇಮ್ ಕೆಲಸ ನೋಡಿಕೊಳ್ಳುವ ಸಂಸ್ಥೆ) ಕಡೆಯವರು ಫೋನಿನಲ್ಲಿ "ಆಗಲ್ಲ ಸರ್" ಅಂದರೆ ಅದು ತೀರ್ಮಾನವಲ್ಲ. ಕ್ಯಾಶ್‌ಲೆಸ್, ಅಂದರೆ ಕಂಪನಿಯೇ ನೇರವಾಗಿ ಆಸ್ಪತ್ರೆಗೆ ಹಣ ಕಟ್ಟುವ ಸೌಲಭ್ಯ, ಸಿಗಲಿಲ್ಲವೆಂದರೆ ಕ್ಲೇಮೇ ಮುಗಿಯಿತು ಎಂದುಕೊಂಡು ಬಿಲ್ಲುಗಳನ್ನು ಬಿಸಾಡುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ನೀವೇ ಬಿಲ್ ಕಟ್ಟಿ ಆಮೇಲೆ ಹಣ ವಾಪಸ್ ಕೇಳುವ ರೀಇಂಬರ್ಸ್‌ಮೆಂಟ್ ದಾರಿ ತೆರೆದೇ ಇರುತ್ತದೆ.

ಲಿಖಿತ ಪತ್ರಕ್ಕೆ ಹಟ ಹಿಡಿಯುವುದಕ್ಕೆ ಇನ್ನೊಂದು ಕಾರಣವಿದೆ. ಪತ್ರದಲ್ಲಿಲ್ಲದ ಹೊಸ ಕಾರಣವನ್ನು ಕಂಪನಿ ಆಮೇಲೆ ಗ್ರಾಹಕ ಆಯೋಗದಲ್ಲಿ ಎತ್ತುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2016ರಲ್ಲಿ, ಮತ್ತೆ 2019ರಲ್ಲಿ ಹೇಳಿದೆ. ಪತ್ರದ ಒಂದೊಂದು ಸಾಲೂ ಕಂಪನಿಯನ್ನು ಕಟ್ಟಿಹಾಕುತ್ತದೆ.

ಪೂರ್ತಿ ತಿರಸ್ಕಾರಕ್ಕಿಂತ ಕಡಿತ ಇನ್ನೂ ಸಾಮಾನ್ಯ. ಮಿತಿ ಮೀರಿದ ಬಾಡಿಗೆಯ ರೂಮು ತೆಗೆದುಕೊಂಡಿರಿ ಎಂದು ಇಡೀ ಬಿಲ್ಲಿಗೇ ಅದೇ ಪ್ರಮಾಣದಲ್ಲಿ ಕತ್ತರಿ ಹಾಕುತ್ತಾರೆ. ಔಷಧಿ, ಇಂಪ್ಲಾಂಟ್, ಲ್ಯಾಬ್ ಪರೀಕ್ಷೆ, ಐಸಿಯು ವೆಚ್ಚಗಳಿಗೆ ಈ ಅನುಪಾತದ ಕಡಿತ ಹಾಕುವಂತಿಲ್ಲ. ಕಡಿತದ ಪಟ್ಟಿ ತರಿಸಿ ಒಂದೊಂದು ಬಾಬತ್ತನ್ನೂ ನೋಡಿ.

ದೂರು ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ, ಇಮೇಲಿನಲ್ಲಿ. ಜೊತೆಗೆ ಐಆರ್‌ಡಿಎಐಯ ದೂರು ಪೋರ್ಟಲ್ ಬಿಮಾ ಭರೋಸಾದಲ್ಲಿ ಅಥವಾ 155255ಕ್ಕೆ ಕರೆ ಮಾಡಿ ದಾಖಲಿಸಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ದೂರುಗಳನ್ನು ಇತ್ಯರ್ಥ ಮಾಡುವ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಿ. ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನಲ್ಲೇ ಇದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷದವರೆಗೆ ಪರಿಹಾರ ಕೊಡಿಸುವ ಅಧಿಕಾರವಿದೆ. ಕಂಪನಿಯ ಅಂತಿಮ ಉತ್ತರ ಬಂದು ಒಂದು ವರ್ಷದೊಳಗೆ ದೂರು ಕೊಡಬೇಕು. ಅದೇ ವಿಷಯವನ್ನು ಗ್ರಾಹಕ ಆಯೋಗಕ್ಕೆ ಒಯ್ದಿದ್ದರೆ ಒಂಬುಡ್ಸ್‌ಮನ್ ಮುಟ್ಟುವುದಿಲ್ಲ, ಆದ್ದರಿಂದ ಈ ಬಾಗಿಲನ್ನೇ ಮೊದಲು ತಟ್ಟುವುದು ಒಳ್ಳೆಯದು. ಗ್ರಾಹಕ ಆಯೋಗಕ್ಕೆ ಎರಡು ವರ್ಷದ ಗಡುವು.

ಈ ನಡುವೆ ಕಂಪನಿ ಅರ್ಧ ಹಣಕ್ಕೆ "ಪೂರ್ಣ ಮತ್ತು ಅಂತಿಮ ಇತ್ಯರ್ಥ" ಎಂಬ ವೋಚರ್ ಕಳಿಸಿದರೆ ಹಾಗೇ ಸಹಿ ಹಾಕಬೇಡಿ. "ಉಳಿದ ಮೊತ್ತದ ಹಕ್ಕು ಕಾಯ್ದಿರಿಸಿ, ಆಕ್ಷೇಪಣೆಯೊಂದಿಗೆ ಸ್ವೀಕರಿಸಿದ್ದೇನೆ" ಎಂದು ಬರೆದು ಸಹಿ ಮಾಡಿ, ಅದೇ ಮಾತನ್ನು ಆ ದಿನವೇ ಇಮೇಲಿನಲ್ಲೂ ಕಳಿಸಿ.