ನೂರಡಿ ಬೇಲಿಗೆ ಎಷ್ಟು ಸಾಮಾನು ಬೇಕು? ಒಂದೊಂದು ಬಗೆಯನ್ನೂ ಅಳೆದು ನೋಡಿದರೆ

ಕೈತೋಟಕ್ಕೆ ಬೇಲಿ ಹಾಕಿಸುವವರು ಚಿತ್ರ ನೋಡಿ ಆರಿಸುತ್ತಾರೆ, ಆಮೇಲೆ ಬಿಲ್ ನೋಡಿ ಗಾಬರಿ ಬೀಳುತ್ತಾರೆ. ಅದಕ್ಕೇ ಎಲ್ಲ ಬಗೆಯನ್ನೂ ಒಂದೇ ಅಳತೆಗೆ ಇಟ್ಟು ನೋಡಿದ್ದೇನೆ. ನೇರಕ್ಕೆ 100 ಅಡಿ ಉದ್ದ, 5 ಅಡಿ ಎತ್ತರ. ದರ ದಿನಕ್ಕೊಂದು ಥರ ಇರುತ್ತದೆ, ಅದನ್ನು ನೀವೇ ವಿಚಾರಿಸಿ. ಸಾಮಾನಿನ ಲೆಕ್ಕ ಮಾತ್ರ ಎಲ್ಲಿ ಹೋದರೂ ಇದೇ.

ಮೊದಲು ಮರದ ಬೇಲಿ, ಯಾಕಂದ್ರೆ ಖರ್ಚು ಕೈಮೀರುವುದು ಇಲ್ಲೇ ಜಾಸ್ತಿ. 3 ಇಂಚಿನ ಪಟ್ಟಿ, ನಡುವೆ 2 ಇಂಚು ಸಂದಿ ಬಿಟ್ಟು ಹೊಡೆಯುವ ಪಿಕೆಟ್ ಬೇಲಿಗೆ 240 ಪಟ್ಟಿ ಬೇಕು. 4 ಇಂಚಿನ ಹಲಗೆಯನ್ನು ಸಂದಿ ಇಲ್ಲದೆ ಪಕ್ಕಪಕ್ಕದಲ್ಲಿ ಕೂರಿಸಿದರೆ 300. ಅದೇ ಹಲಗೆಯ ಅಂಚನ್ನು ಪಕ್ಕದ್ದರ ಮೇಲೆ 1 ಇಂಚು ಹತ್ತಿಸಿದರೆ 400. ಒಂದೇ ಒಂದು ಇಂಚಿಗೆ ಮರ ಮೂರನೇ ಒಂದು ಪಾಲು ಏರಿತು, ನೋಡಿ! ಮುಕ್ಕಾಲು ಇಂಚು ದಪ್ಪ ಹಿಡಿದರೆ ಹಲಗೆಗಳೇ ಸುಮಾರು 19, 31, 42 ಘನ ಅಡಿ ಆಗುತ್ತವೆ. ಹಾಗಂತ ಹತ್ತಿಸುವುದು ದಂಡ ಅಲ್ಲ. ಮರ ಒಣಗಿದಂತೆ ಕುಗ್ಗುತ್ತದೆ, ಪಕ್ಕಪಕ್ಕ ಕೂರಿಸಿದ ಹಲಗೆಗಳ ನಡುವೆ ಸಂದಿ ಬಿದ್ದು ಆಚೆಯದೆಲ್ಲ ಕಾಣತೊಡಗುತ್ತದೆ. ಮರೆಗೆ ಅಂತಲೇ ಬೇಲಿ ಹಾಕಿಸಿದವರಿಗೆ ಅದು ಬೇಜಾರೇ ಅಲ್ವಾ.

400 ಹಲಗೆಗೆ ದುಡ್ಡು ಹಾಕುವುದೇ ಆದರೆ ನನ್ನ ಓಟು ಇನ್ನೊಂದು ಬಗೆಗೆ. ಅಡ್ಡಪಟ್ಟಿಯ ಈ ಕಡೆ ಒಂದು, ಆ ಕಡೆ ಒಂದು ಅಂತ ಹಲಗೆಯನ್ನು ಬಿಟ್ಟು ಬಿಟ್ಟು ಹೊಡೆಯುವುದು. ಎರಡೂ ಕಡೆ 2 ಇಂಚು ಸಂದಿ ಇಟ್ಟರೆ ಲೆಕ್ಕ ಅಷ್ಟೇ, ಒಂದೊಂದು ಕಡೆಗೆ 200ರಂತೆ 400. ಎದುರಿಂದ ನೋಡಿದರೆ ಪೂರ್ತಿ ಮುಚ್ಚಿದಂತೆ ಕಾಣುತ್ತದೆ, ಗಾಳಿ ಮಾತ್ರ ನುಸುಳಿ ಹೋಗುತ್ತದೆ. ಪೂರ್ತಿ ಮುಚ್ಚಿದ ಬೇಲಿಗೆ ಗಾಳಿಯ ಹೊಡೆತವೆಲ್ಲ ಕಂಬದ ಬುಡಕ್ಕೇ ಬೀಳುತ್ತದೆ. ಬೆಲೆ ಒಂದೇ ಆದಾಗ ಇದನ್ನು ಬಿಟ್ಟು ಅದನ್ನು ಯಾಕೆ ಹಾಕಿಸಬೇಕು?

ಪಿಕೆಟ್ ಅಗ್ಗ ಅನ್ನುವವರು ಬಣ್ಣದ ಲೆಕ್ಕ ಹೇಳುವುದಿಲ್ಲ. ಪಕ್ಕಪಕ್ಕದ ಬೇಲಿಗಿಂತ ಇದಕ್ಕೆ ಮರ 40 ಪರ್ಸೆಂಟ್ ಕಡಿಮೆ, ನಿಜ. ಆದರೆ ಪ್ರತಿ ಪಟ್ಟಿಯ ಎರಡು ಮುಖದ ಜೊತೆ ಎರಡು ಅಂಚಿಗೂ ಬ್ರಶ್ ಆಡಬೇಕು. ಮುಚ್ಚಿದ ಬೇಲಿಗೆ 1000 ಚದರ ಅಡಿ ಆದರೆ ಪಿಕೆಟ್‌ಗೆ 750, ಅಂದ್ರೆ ಉಳಿತಾಯ ಬರೀ ಕಾಲು ಭಾಗ. ಕೂಲಿ ಅಷ್ಟೂ ಉಳಿಯುವುದಿಲ್ಲ, ಅಂಚಿಗೆ ಬಣ್ಣ ಹಚ್ಚುವುದು ನಿಧಾನದ ಕೆಲಸ. ಸ್ಕ್ರೂ ಕೂಡ ಸುಮ್ನೆ ಬಿಡಬೇಡಿ. ಮೂರು ಅಡ್ಡಪಟ್ಟಿ, ಒಂದೊಂದಕ್ಕೆ ಎರಡು ಸ್ಕ್ರೂ ಅಂದ್ರೆ 240 ಪಟ್ಟಿಗೇ 1440.

ಇನ್ನು ಕಂಬ. 8 ಅಡಿಗೆ ಮೀರದಂತೆ ನೆಟ್ಟರೆ 13 ಅಂಕಣ (ಎರಡು ಕಂಬದ ನಡುವಿನ ಜಾಗ), 14 ಕಂಬ, 39 ಅಡ್ಡಪಟ್ಟಿ. ಅಂಕಣಕ್ಕಿಂತ ಕಂಬ ಯಾವಾಗಲೂ ಒಂದು ಹೆಚ್ಚು, ಸುತ್ತು ಬಂದು ಕೂಡುವ ಬೇಲಿಗೆ ಮಾತ್ರ ಸರಿಸಮ. ಒಂದಡಿ ಅಗಲ, ಎರಡಡಿ ಆಳದ ದುಂಡನೆಯ ಗುಂಡಿಗೆ 4 ಇಂಚಿನ ಕಂಬ ಇಟ್ಟು ಕಾಂಕ್ರೀಟ್ ತುಂಬಿಸಿದರೆ 14 ಗುಂಡಿಗೆ ಸುಮಾರು 19 ಘನ ಅಡಿ ಹೋಗುತ್ತದೆ. ಪಿಕೆಟ್ ಪಟ್ಟಿಯ ಮರ ಎಷ್ಟೋ ಅಷ್ಟೇ ಕಾಂಕ್ರೀಟ್! ಇದು ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ಎಸ್ಟಿಮೇಟಿನಲ್ಲೂ ಎಷ್ಟೋ ಸಲ ಕಾಣುವುದಿಲ್ಲ. ಇಲ್ಲಿ ಜಿಪುಣತನ ಬೇಡ. ಮರದ ಕಂಬ ಕೊಳೆಯುವುದು ನೆಲದ ಮಟ್ಟದಲ್ಲೇ. ಕಾಂಕ್ರೀಟಿನ ತಲೆಯನ್ನು ನೆಲಕ್ಕಿಂತ ತುಸು ಮೇಲೆತ್ತಿ ಹೊರಕ್ಕೆ ಇಳಿಜಾರು ಮಾಡಿಸಿ, ನೀರು ಬುಡದಲ್ಲಿ ನಿಲ್ಲಬಾರದು.

ಖರ್ಚಿನಲ್ಲಿ ಮರವನ್ನು ಹೊಡೆದು ಹಾಕುವುದು ಚೈನ್ ಲಿಂಕ್ ಜಾಲರಿ. 10 ಅಡಿಗೊಂದರಂತೆ 11 ಕಂಬ, 500 ಚದರ ಅಡಿ ಜಾಲರಿ, ಮೇಲೆ ನಡುವೆ ಕೆಳಗೆ ಎಳೆಯಲು 300 ಅಡಿ ತಂತಿ, ಎರಡು ತುದಿಗೆ ಆಸರೆ ಕಂಬ, ಮುಗಿಯಿತು. ಬಣ್ಣದ ಗೋಜಿಲ್ಲ. ಮರೆ ಮಾತ್ರ ಸೊನ್ನೆ, ಬಳ್ಳಿ ಹಬ್ಬಿಸಿದರೆ ಉಂಟು. ಗೇಜ್ ಕೇಳಿಯೇ ತಗೊಳ್ಳಿ, ನಂಬರ್ ಕಡಿಮೆಯಾದಷ್ಟೂ ತಂತಿ ದಪ್ಪ. 10 ಗೇಜ್ ತಂತಿ 3.25 ಮಿಲಿಮೀಟರ್, 12 ಗೇಜ್ 2.64. ಕಣ್ಣಳತೆಗೆ ವ್ಯತ್ಯಾಸವೇ ಗೊತ್ತಾಗದು, ತೂಕ ಮಾತ್ರ ಒಂದೂವರೆ ಪಟ್ಟು. ಹಾಗಾಗಿ ಚದರ ಅಡಿ ದರ ಕೇಳಿ ‘ಇವನದ್ದೇ ಅಗ್ಗ’ ಅಂದುಕೊಳ್ಳುವ ಮೊದಲು ತಂತಿ ಅಳೆದು ನೋಡಿ. ಪ್ಲಾಸ್ಟಿಕ್ ಹೊದಿಕೆ ಇದ್ದರೆ ಒಳಗಿನ ತಂತಿಯನ್ನು ಅಳೆಯಿರಿ.

ಮುಳ್ಳುತಂತಿ ಐದು ಸಾಲಿಗೆ 500 ಅಡಿ, ಎಲ್ಲಕ್ಕಿಂತ ಅಗ್ಗ. ಮಕ್ಕಳು ಆಡುವ ಕೈತೋಟಕ್ಕೆ ಬೇಡ, ಕೋಳಿಯನ್ನೂ ತಡೆಯುವುದಿಲ್ಲ. ಗಿಡದ ಬೇಲಿಗೆ ಅಡಿಗೊಂದರಂತೆ ನೂರು ಸಸಿ ಸಾಕು, ಆದರೆ ಅವು ಬೆಳೆಯುವ ತನಕ ಕಾಯಲು ಇನ್ನೊಂದು ಬೇಲಿ ಬೇಕು, ಆಮೇಲೆ ಕತ್ತರಿ ಕೆಲಸ ನಿಲ್ಲುವುದೇ ಇಲ್ಲ.

ಜಾಗದ ಆಕಾರವೂ ಲೆಕ್ಕಕ್ಕೆ ಬರುತ್ತದೆ. 50 ಅಡಿ ಚೌಕಕ್ಕೆ ಸುತ್ತಳತೆ 200 ಅಡಿ. ಅಷ್ಟೇ ಜಾಗ 25ಕ್ಕೆ 100 ಇದ್ದರೆ 250 ಅಡಿ. ಉದ್ದನೆಯ ತೋಟದವರು ರಸ್ತೆ ಕಡೆಗಷ್ಟೇ ಪಿಕೆಟ್ ಹಾಕಿಸಿ, ಉಳಿದ ಮೂರು ಕಡೆ ಜಾಲರಿ ಎಳೆಸಿ. ಗೇಟಿನ ಎರಡು ಕಂಬ ಮಾತ್ರ ಉಳಿದವಕ್ಕಿಂತ ದಪ್ಪ ಇರಲಿ, ಗುಂಡಿಯೂ ಆಳ ಇರಲಿ.