ಕ್ಯಾಮೆರಾ ಬೀನ್ ಬ್ಯಾಗ್‌ಗೆ ರಾಗಿ: ನಾಲ್ಕು ವರ್ಷ ಬಳಸಿದ ಮೇಲೆ

ಫೋಟೋ ತೆಗೆಯುವಾಗ ಲೆನ್ಸ್ ಅಲುಗಾಡದಂತೆ ಅದರ ಕೆಳಗೆ ಇಡುವ ಕಾಳಿನ ದಿಂಬೇ ಬೀನ್ ಬ್ಯಾಗ್. ನನ್ನದು ಖಾಲಿ ಚೀಲವಾಗಿ ಬಂತು. ಏನು ತುಂಬಬೇಕು ಅಂತ ಮಾರಿದವರು ಹೇಳಿರಲಿಲ್ಲ. ಹಳೇ ಕಾಲದ ಹಸುಬೆ ಚೀಲದ ಹಾಗೆ ಎರಡು ಕಡೆ ಇಳಿಬೀಳುತ್ತದೆ. ಸಫಾರಿ ಜೀಪಿನ ಕಂಬಿ ಮೇಲೋ ಕಾರಿನ ಬಾಗಿಲ ಮೇಲೋ ಹಾಕಿದರೆ ಜಾರದೆ ಕೂರುತ್ತದೆ. ಅದರ ಮೇಲೆ ನಾನಿಡುವುದು ದೂರದ ಪ್ರಾಣಿಯನ್ನು ಹತ್ತಿರ ತೋರಿಸುವ ನಿಕಾನ್ 200-500 ಎಂಎಂ ಜೂಮ್ ಲೆನ್ಸ್. ಲೆನ್ಸ್ ಒಂದೇ 2.3 ಕೆಜಿ ಇದೆ. ಕಬಿನಿ, ಬಂಡೀಪುರ, ಭದ್ರಾ ಅಂತ ನಾಲ್ಕು ವರ್ಷ ಸುತ್ತಿದೆ. ಬಟ್ಟೆ, ಜಿಪ್ ಎರಡೂ ಗಟ್ಟಿಯಾಗಿವೆ. ಒಳಗೆ ತುಂಬುವ ಕಾಳಿನ ವಿಷಯಕ್ಕೆ ಮಾತ್ರ ನಾನು ಒಂದು ವರ್ಷ ಒದ್ದಾಡಿದೆ. ಅದನ್ನೇ ಹೇಳುತ್ತೇನೆ.

ಮೊದಲು ಹಾಕಿದ್ದು ಥರ್ಮಾಕೋಲ್ ಗುಂಡು. ಹಗುರ ಅನ್ನೋದು ಬಿಟ್ಟರೆ ಬೇರೆ ಗುಣ ಕಾಣಲಿಲ್ಲ. ಲೆನ್ಸ್ ಇಟ್ಟ ಕಡೆ ಗುಳಿ ಬೀಳಬೇಕು, ಆ ಗುಳಿ ಹಾಗೇ ನಿಲ್ಲಬೇಕು. ಬೀನ್ ಬ್ಯಾಗ್ ಇರುವುದೇ ಅದಕ್ಕೆ. ಥರ್ಮಾಕೋಲ್ ಒತ್ತಿದರೆ ಕುಗ್ಗುತ್ತದೆ, ಕೈ ಸಡಿಲಿಸಿದರೆ ಉಬ್ಬುತ್ತದೆ. ಮೇಲಾಗಿ ಕಿರಕಿರ ಸದ್ದು. ಹತ್ತಿರದಲ್ಲಿ ಮೇಯುತ್ತಿದ್ದ ಜಿಂಕೆ ತಲೆ ಎತ್ತಿ ನೋಡುತ್ತಿತ್ತು.

ಅಕ್ಕಿ ಹಾಕಿದಾಗ ಲೆನ್ಸ್ ಅಲುಗಾಡದೆ ನಿಂತಿತು. ಆದರೆ ಮೂರೇ ತಿಂಗಳಿಗೆ ಹುಳ ಬಿತ್ತು. ಅಕ್ಕಿಯ ಹಿಟ್ಟು ಹೊಲಿಗೆಯಿಂದ ಸೋರಿ ಲೆನ್ಸ್ ಮೇಲೆಲ್ಲ ಕೂತಿತು. ರಾಜ್ಮಾ ಹಾಕಿ ನೋಡಿದೆ. ಕಾಳು ದಪ್ಪ, ನಡುವೆ ಸಂದು ಜಾಸ್ತಿ. ಲೆನ್ಸ್ ತಿರುಗಿಸುವಾಗ ಕಾಳು ತಟಕ್ಕನೆ ಜಾಗ ಬದಲಿಸುತ್ತದೆ, ಚಿತ್ರದ ಚೌಕಟ್ಟು ಕದಲುತ್ತದೆ. ಸಾಸಿವೆ ಇದಕ್ಕಿಂತ ಎಷ್ಟೋ ಮೇಲು. ಹಸುಗೂಸಿನ ತಲೆಗೆ ಸಾಸಿವೆ ದಿಂಬು ಇಡುತ್ತಾರಲ್ವಾ, ಹಾಗೆ ಲೆನ್ಸನ್ನೂ ಮೆತ್ತಗೆ ಹಿಡಿಯುತ್ತದೆ. ಆದರೆ ತುಂಬಾ ಜಾರುವ ಕಾಳು. ಜೀಪು ಹತ್ತು ನಿಮಿಷ ಕುಲುಕಿದರೆ ಎಲ್ಲಾ ಎರಡು ಕಡೆಗೆ ಇಳಿದು, ನಡುವೆ ಬಟ್ಟೆ ಮಾತ್ರ ಉಳಿಯುತ್ತಿತ್ತು. ಮರಳು ಮಾತ್ರ ದಯವಿಟ್ಟು ಬೇಡ. ವಿಪರೀತ ಭಾರ. ಒಂದು ಕಣ ಜೂಮ್ ರಿಂಗ್‌ಗೆ ಸಿಕ್ಕಿಕೊಂಡರೂ ಲೆನ್ಸ್ ರಿಪೇರಿಗೆ ಹೋಗಬಹುದು.

ರಾಗಿ ಹಾಕು ಅಂದಿದ್ದು ನಮ್ಮಮ್ಮ. "ಹಗೇವಲ್ಲಿ ವರ್ಷಗಟ್ಟಲೆ ಇಟ್ರೂ ಕೆಡ್ತಿರಲಿಲ್ಲ ಕಣೋ, ನಿನ್ ಚೀಲದಲ್ಲಿ ಕೆಡುತ್ತಾ?" ಅಂದರು. ಹಗೇವು ಅಂದರೆ ಹಿಂದೆ ದವಸ ಕೂಡಿಡುತ್ತಿದ್ದ ನೆಲದೊಳಗಿನ ಗುಂಡಿ. ಮೂರು ವರ್ಷದಿಂದ ಚೀಲಕ್ಕೆ ರಾಗಿಯನ್ನೇ ತುಂಬುತ್ತಿದ್ದೇನೆ. ಸಾಸಿವೆಯಷ್ಟೇ ಸಣ್ಣ ಕಾಳು, ಆದರೆ ಅಷ್ಟು ನುಣುಪಲ್ಲ. ಹಾಗಾಗಿ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಬೇಸಿಗೆಯಲ್ಲಿ ಕಬಿನಿ ಹಿನ್ನೀರಿನ ದಂಡೆಗೆ ಆನೆ ಹಿಂಡು ಬರುವುದು ನೋಡಿದ್ದೀರಾ? ಸಂಜೆ ಬೆಳಕು ಪೂರ್ತಿ ಇಳಿದ ಮೇಲೆ ಲೆನ್ಸನ್ನು 500 ಎಂಎಂವರೆಗೆ ಪೂರ್ತಿ ಜೂಮ್ ಮಾಡಿ, 1/60 ಸೆಕೆಂಡಿನ ನಿಧಾನ ಶಟರ್ ಸ್ಪೀಡಿಗೆ (ಕೈಯಲ್ಲಿ ಹಿಡಿದರೆ ಚಿತ್ರ ಮಸುಕಾಗುವಷ್ಟು ನಿಧಾನ) ಮರಿಯಾನೆಯ ಕಣ್ರೆಪ್ಪೆ ಬಿಡಿಬಿಡಿಯಾಗಿ ಬಂದಿದೆ. ಡ್ರೈವರಣ್ಣ ಎಂಜಿನ್ ಆಫ್ ಮಾಡಿದ್ದರು ಅನ್ನೋದನ್ನೂ ಹೇಳಬೇಕು. ಎಂಜಿನ್ ಓಡುತ್ತಿದ್ದರೆ ಯಾವ ಕಾಳೂ ಅಷ್ಟು ಕಾಪಾಡುವುದಿಲ್ಲ.

ತುಂಬುವ ಮುಂಚೆ ರಾಗಿಯನ್ನು ಕೇರಿ, ಜರಡಿ ಹಿಡಿದು, ಎರಡು ದಿನ ಒಳ್ಳೆ ಬಿಸಿಲಿಗೆ ಹಾಕಿ. ದೂಳು ಹೋಗದಿದ್ದರೆ ಅಕ್ಕಿಯದೇ ಕಥೆ. ಒಂದು ಹಿಡಿ ಒಣಗಿದ ಬೇವಿನ ಸೊಪ್ಪು ಜೊತೆಗಿರಲಿ. ಒತ್ತಿ ಒತ್ತಿ ತುಂಬಬೇಡಿ. ನನ್ನ ಚೀಲಕ್ಕೆ ಐದು ಕೆಜಿ ಹಿಡಿಯುತ್ತದೆ, ನಾನು ಹಾಕುವುದು ಮೂರೂವರೆ. ಬಿಗಿಯಾದ ಚೀಲ ಮರದ ದಿಮ್ಮಿಯಂತೆ, ಲೆನ್ಸ್ ಗುಳಿಯಲ್ಲಿ ಕೂರದೆ ಅದರ ಮೇಲೇ ಉರುಳುತ್ತದೆ. ಕಾಳನ್ನು ನೇರವಾಗಿ ಸುರಿಯದೆ ಒಳಗೊಂದು ಒತ್ತಾದ ಕಾಟನ್ ಚೀಲ ಹೊಲಿಸಿ, ಎರಡು ಹೊಲಿಗೆ ಹಾಕಿಸಿ. ಕಾಡಿನಲ್ಲಿ ಕಾಳು ಚೆಲ್ಲಬಾರದು. ಅಲ್ಲಿನ ಪ್ರಾಣಿಗಳಿಗೆ ನಮ್ಮ ದವಸದ ರುಚಿ ಹತ್ತಿಸಬಾರದು. ಈ ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು.

ರಾಗಿಯ ಶತ್ರು ನೀರು. ರಾಗಿ ತುಂಬಿದ ಮೊದಲ ವರ್ಷದ ಜುಲೈನಲ್ಲಿ ಭದ್ರಾದಲ್ಲಿ ಚೀಲ ಪೂರ್ತಿ ನೆನೆಯಿತು. ಕಾರಿನ ಡಿಕ್ಕಿಯಲ್ಲಿಟ್ಟು ಮೂರು ದಿನ ಮರೆತೆ. ತೆಗೆದಾಗ ಮುಗ್ಗಲು ವಾಸನೆ, ಒಳಗೆ ಬಿಳಿ ಮೊಳಕೆ. ಅಷ್ಟನ್ನೂ ಗೊಬ್ಬರದ ಗುಂಡಿಗೆ ಹಾಕಬೇಕಾಯಿತು. ಮಳೆಗಾಲಕ್ಕೆ, ದೋಣಿಗೆ ಪ್ಲಾಸ್ಟಿಕ್ ಹರಳು ತುಂಬಿದ ಇನ್ನೊಂದು ಒಳಚೀಲ ಇಟ್ಟುಕೊಂಡಿದ್ದೇನೆ. ಸ್ವಲ್ಪ ಸದ್ದು ಮಾಡುತ್ತದೆ, ಆದರೆ ನೆನೆದರೆ ಒರೆಸಿದರಾಯಿತು.

ವಿಮಾನದಲ್ಲಿ ಹೋಗುವಾಗ ಖಾಲಿ ಚೀಲ ಮಡಚಿಟ್ಟುಕೊಳ್ಳಿ. ರಾಜಸ್ಥಾನದ ಹುಲಿ ಕಾಡು ರಣಥಂಬೋರ್‌ಗೆ ಹೋದಾಗ ಸವಾಯಿ ಮಾಧೋಪುರದ ಅಂಗಡಿಯಲ್ಲಿ ಸಜ್ಜೆ ಕೊಂಡು ತುಂಬಿದೆ. ರಾಗಿಗಿಂತ ದಪ್ಪ ಕಾಳಾದರೂ ಚೆನ್ನಾಗೇ ನಿಂತಿತು. ಹೊರಡುವ ದಿನ ಉಳಿದುಕೊಂಡಿದ್ದ ಮನೆಯವರ ಆಡುಗಳಿಗೆ ಹಾಕಿ ಬಂದೆ.

ಈಗಿರುವ ರಾಗಿ ತುಂಬಿ ಎರಡು ವರ್ಷ ದಾಟಿದೆ. ಹೋದ ವಾರ ಬಿಚ್ಚಿ ಮೊರಕ್ಕೆ ಸುರಿದೆ. ಒಂದು ಹುಳವೂ ಇರಲಿಲ್ಲ. ಬೇವಿನ ಸೊಪ್ಪು ಮಾತ್ರ ಪುಡಿಯಾಗಿತ್ತು. ಹೊಸದು ಹಾಕಿ, ಅದೇ ರಾಗಿ ಮತ್ತೆ ತುಂಬಿಟ್ಟಿದ್ದೇನೆ.