ವೇಗದ ನರ್ಸಿಂಗ್ ಕೋರ್ಸ್: ಕಾಲೇಜಿನ ಹತ್ತಿರದ ಮನೆಯಾ, ದೂರದ ಅಗ್ಗದ ಮನೆಯಾ?

ಅಮೆರಿಕದ ಆಕ್ಸಿಲರೇಟೆಡ್ ಬಿಎಸ್‌ಎನ್ (ನರ್ಸಿಂಗ್ ಪದವಿಯನ್ನು ಬೇಗ ಮುಗಿಸುವ ಕೋರ್ಸ್) ಬೇರೆ ಡಿಗ್ರಿ ಮುಗಿಸಿದವರಿಗೆಂದೇ ಇರುವಂಥದ್ದು. ಸಾಮಾನ್ಯವಾಗಿ 11ರಿಂದ 18 ತಿಂಗಳಲ್ಲಿ ಮುಗಿಯುತ್ತದೆ. ಬಿಡುವು ತೀರಾ ಕಡಿಮೆ. ಹಾಗಾಗಿ ಇದಕ್ಕೆ ಸೇರುವವರು ಕಾಲೇಜಿನ ಹತ್ತಿರ ಜಾಸ್ತಿ ಬಾಡಿಗೆಗೆ ಮನೆ ಮಾಡಬೇಕಾ, ದೂರದಲ್ಲಿ ಅಗ್ಗದ ಮನೆ ಹಿಡಿಯಬೇಕಾ ಅಂತ ಮೊದಲೇ ಯೋಚಿಸುವುದು ಒಳ್ಳೆಯದು.

ಬಾಡಿಗೆ ಮಾತ್ರ ನೋಡಿದರೆ ದೂರದ ಮನೆಯೇ ವಾಸಿ. ಓದಿನ ಜೊತೆ ಕೆಲಸ ಮಾಡುವುದು ಕಷ್ಟ, ಆದ್ದರಿಂದ ಕೂಡಿಟ್ಟ ಹಣ ಕೊನೆಯವರೆಗೂ ಬರಬೇಕು.

ಸಮಯದ ಲೆಕ್ಕ ಬೇರೆ. ಕೋರ್ಸಿನ ಭಾಗವಾಗಿ ಆಸ್ಪತ್ರೆಯಲ್ಲಿ ತರಬೇತಿ ಇರುತ್ತದೆ, ಅಲ್ಲಿನ ಹಗಲು ಪಾಳಿ ಹೆಚ್ಚಾಗಿ ಬೆಳಿಗ್ಗೆ 7ಕ್ಕೆ ಶುರು. ಕೆಲವು ದಿನ 12 ಗಂಟೆ ನಿಂತೇ ಇರಬೇಕಾಗುತ್ತದೆ. ಅದರ ಮೇಲೆ ಒಂದೂವರೆ ಗಂಟೆ ಪ್ರಯಾಣ ಅಂದರೆ ನಿದ್ದೆಗೇ ಕತ್ತರಿ. ಆದರೆ ಒಂದು ಮಾತು: ತರಬೇತಿಯ ಆಸ್ಪತ್ರೆ ಕಾಲೇಜಿನ ಪಕ್ಕದಲ್ಲೇ ಇರಬೇಕೆಂದಿಲ್ಲ, ಟರ್ಮ್ ಬದಲಾದರೆ ಅದೂ ಬದಲಾಗಬಹುದು. ಸುಮ್ನೆ ಕಾಲೇಜಿನ ಹತ್ತಿರ ಅಂತ ಜಾಸ್ತಿ ಬಾಡಿಗೆ ಕೊಟ್ಟು, ಊರಿನ ಇನ್ನೊಂದು ತುದಿಗೆ ಓಡುವಂತಾದರೆ ಏನು ಪ್ರಯೋಜನ, ಅಲ್ವಾ?

ದೂರದ ಮನೆಯಿಂದ ಒಂದೇ ರೈಲು, ಕೂರಲು ಸೀಟು ಸಿಗುತ್ತದೆ ಅಂದರೆ ಔಷಧಿಗಳ ಫ್ಲ್ಯಾಶ್‌ಕಾರ್ಡ್ ತಿರುವಿಹಾಕಬಹುದು. ಎರಡು ಕಡೆ ಬದಲಿಸಬೇಕಾದರೆ ಓದು ಆಗುವುದಿಲ್ಲ.

ಮಕ್ಕಳಿದ್ದು ನೋಡಿಕೊಳ್ಳಲು ಮನೆಯವರ ಸಹಾಯ ಇದ್ದರೆ, ದೂರವಾದರೂ ಅಲ್ಲೇ ಇರಿ. ಒಬ್ಬರೇ ಇದ್ದು ನಿದ್ದೆಗೆಟ್ಟರೆ ತಡೆಯದವರಾದರೆ, ಹತ್ತಿರದಲ್ಲಿ ಸಹಪಾಠಿಗಳ ಜೊತೆ ಬಾಡಿಗೆ ಹಂಚಿಕೊಳ್ಳಿ. ಕರಾರಿಗೆ ಸಹಿ ಹಾಕುವ ಮೊದಲು ಕಾಲೇಜಿನಿಂದ ಆಸ್ಪತ್ರೆಗಳ ಪಟ್ಟಿ ಕೇಳಿ, ಬೆಳಿಗ್ಗೆ 5:30ರ ರೈಲು, ಬಸ್ ಇದೆಯಾ ನೋಡಿ.